ದೊಡ್ಡ ಕ್ಲಬ್ ನಿಮ್ಮ ಮ್ಯಾನೇಜರ್ ಮೇಲೆ ಕಣ್ಣು ಹಾಕಿದೆಯೇ? ಮೊದಲು ಡ್ರಾಯರ್ ನೋಡಿ

ನಾನು ಕಲಬುರಗಿಯಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುವವನು. ಊರಿನವರಿಗೆಲ್ಲ ಕ್ರಿಕೆಟ್ ಹುಚ್ಚು, ನನಗೊಬ್ಬನಿಗೆ ಇಂಗ್ಲೆಂಡಿನ ಬ್ರೈಟನ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಹುಚ್ಚು. ಇದು ಅಂಟಿದ್ದು 2018ರ ಮೇ 4ರ ರಾತ್ರಿ. ಧಗೆ ತಾಳದೆ ಎಲ್ಲರೂ ಮಾಳಿಗೆ ಮೇಲೆ ಮಲಗಿದ್ದೆವು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಹನ್ನೆರಡೂವರೆಗೆ ಮೊಬೈಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚ್ ಹಾಕಿದ. ಎದುರಿಗೆ ಯಾರೋ ಬ್ರೈಟನ್ ಅಂತೆ. "ಕಾಕಾ, ಇವ್ರಿಗಿ ಮೂರು ಗೋಲು ಹೊಡಿತೀವಿ ನೋಡ್ರಿ" ಎಂದ. ಅವನ ಜಂಬ ಇಳಿಯಲಿ ಎಂದು ಸುಮ್ನೆ ಆ ಕಡೆಯವರ ಪಕ್ಷ ಹಿಡಿದೆ. ಬ್ರೈಟನ್ನಿನ ಪಾಸ್ಕಲ್ ಗ್ರಾಸ್ ತಲೆಯಿಂದ ಹೊಡೆದ ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಯಂತ್ರವೇ ಹೇಳಬೇಕಾಯಿತು. ದಾಟಿತ್ತು. 1-0. ಅಂದು ಹಿಡಿದ ಪಕ್ಷ ಇವತ್ತಿಗೂ ಬಿಟ್ಟಿಲ್ಲ.

ಸಣ್ಣ ಕ್ಲಬ್ಬಿನ ಅಭಿಮಾನಿ ಆದವನಿಗೆ ಸೋಲಿನ ದುಃಖ ಹೇಗೂ ಇದ್ದದ್ದೇ. ಗೆದ್ದಾಗಲೂ ಒಂದು ದುಃಖ ಕಾದಿರುತ್ತದೆ ಅನ್ನುವುದು ಆಮೇಲೆ ತಿಳಿಯಿತು. ನಾಲ್ಕು ಮ್ಯಾಚ್ ಚೆನ್ನಾಗಿ ಗೆದ್ದರೆ ಸಾಕು, ಯಾರೋ ದೊಡ್ಡವರು ನಿಮ್ಮ ಮ್ಯಾನೇಜರ್ (ಅಂದರೆ ತಂಡ ಆಡಿಸುವ ಮುಖ್ಯ ಕೋಚ್) ಕಡೆ ನೋಡಲು ಶುರು ಮಾಡುತ್ತಾರೆ. ಈ ಭಯವನ್ನು ಹೇಗೆ ಅಳೆಯಬೇಕು, ಎಷ್ಟು ನಿದ್ದೆ ಕೆಡಿಸಿಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಇಲ್ಲಿ ಹೇಳುತ್ತೇನೆ. ಎಲ್ಲವೂ ಪೆಟ್ಟು ತಿಂದು ಕಲಿತದ್ದೇ.

ಕುರ್ಚಿ ಖಾಲಿ ಇದೆಯೇ?

ಸುದ್ದಿ ಬಂದ ಕೂಡಲೇ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ದೊಡ್ಡ ಕ್ಲಬ್ಬಿನಲ್ಲಿ ಈಗ ಯಾರಾದರೂ ಕೂತಿದ್ದಾರಾ? ಕೂತಿದ್ದರೆ, ಗೆಲ್ಲುತ್ತಲೂ ಇದ್ದರೆ, "ನಮ್ಮವನ ಮೇಲೆ ಅವರಿಗೆ ಆಸಕ್ತಿ ಇದೆಯಂತೆ" ಎಂಬ ಸುದ್ದಿ ಬರೀ ಗಾಳಿ. ಓದಿ ಬಿಡಿ. ಕೂತವನು ಮೂರು ಮ್ಯಾಚ್ ಸೋತಿದ್ದರೆ ಸ್ವಲ್ಪ ಕಿವಿ ನಿಮಿರಿಸಿ. ಕುರ್ಚಿ ಖಾಲಿಯಾದ ದಿನ ಮಾತ್ರ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ.

ಯಾಕೆಂದರೆ ಆಮೇಲೆ ಎಲ್ಲವೂ ಬಹಳ ಬೇಗ ನಡೆಯುತ್ತದೆ. ಆಟಗಾರರನ್ನು ಕೊಳ್ಳಲು ಮಾರಲು ಇಂತಿಷ್ಟೇ ದಿನ ಎಂದು ಕಿಟಕಿ ಇದೆ. ಮ್ಯಾನೇಜರ್‌ಗೆ ಆ ಕಿಟಕಿ ಇಲ್ಲ, ಬಾಗಿಲು ವರ್ಷವಿಡೀ ತೆರೆದೇ ಇರುತ್ತದೆ. 2022ರ ಸೆಪ್ಟೆಂಬರ್ 4ಕ್ಕೆ ನಮ್ಮ ಮ್ಯಾನೇಜರ್ ಗ್ರಹಾಂ ಪಾಟರ್ ತಂಡ ಲೆಸ್ಟರ್‌ಗೆ 5-2 ಬಾರಿಸಿತು. ಲೀಗಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ. ನಾನು ಆ ಪಟ್ಟಿಯ ಫೋಟೋ ತೆಗೆದು ಅಣ್ಣನ ಮಗನಿಗೆ ಕಳಿಸಿದ್ದೆ. 7ರಂದು ಲಂಡನ್ನಿನ ದೊಡ್ಡ ಕ್ಲಬ್ ಚೆಲ್ಸಿ ತನ್ನ ಮ್ಯಾನೇಜರ್ ಥಾಮಸ್ ಟೂಹೆಲ್‌ನನ್ನು ಕೆಲಸದಿಂದ ತೆಗೆಯಿತು. 8ರಂದು ಪಾಟರ್ ಚೆಲ್ಸಿಯವನಾದ. ಒಂದೇ ದಿನ! ಅದೇ ದಿನ ಇಂಗ್ಲೆಂಡಿನ ರಾಣಿ ಎಲಿಜಬೆತ್ ತೀರಿಕೊಂಡರು. ಟಿವಿ ತುಂಬ ಅದೇ ಸುದ್ದಿ. ನಮ್ಮ ದುಃಖ ಕೇಳುವವರೇ ಇರಲಿಲ್ಲ.

ಸುದ್ದಿಯ ಮಾತುಗಳಲ್ಲೂ ಮೆಟ್ಟಿಲುಗಳಿವೆ. "ಮೆಚ್ಚಿದ್ದಾರೆ" ಎಂದರೆ ಏನೂ ಅಲ್ಲ, ನಾನೂ ಸುಮಾರು ಜನರನ್ನು ಮೆಚ್ಚಿದ್ದೇನೆ. "ಪಟ್ಟಿಯಲ್ಲಿದ್ದಾನೆ" ಎಂದರೆ ಬಹಳ ಸಲ ಅವನ ಏಜೆಂಟ್ ಸಂಬಳ ಜಾಸ್ತಿ ಕೇಳುತ್ತಿದ್ದಾನೆ ಎಂದರ್ಥ. "ಮಾತನಾಡಲು ಅನುಮತಿ ಕೊಟ್ಟಿದ್ದಾರೆ" ಎಂದು ಬಂದರೆ ಮುಗಿಯಿತು. ಇಂಗ್ಲೆಂಡಿನ ಮೇಲಿನ ಹಂತದ ಲೀಗ್ ಆದ ಪ್ರೀಮಿಯರ್ ಲೀಗಿನ ನಿಯಮದ ಪ್ರಕಾರ ಒಪ್ಪಂದದಲ್ಲಿರುವ ಮ್ಯಾನೇಜರ್ ಜೊತೆ ಮಾತಾಡಬೇಕಾದರೆ ಅವನ ಕ್ಲಬ್ಬಿನ ಒಪ್ಪಿಗೆ ಬೇಕು. ನಿಮ್ಮ ಮಾಲೀಕರೇ ಒಪ್ಪಿದ್ದಾರೆ ಅಂದರೆ ರೊಕ್ಕದ ಮಾತು ಆಗಿದೆ ಎಂದೇ ತಿಳಿಯಿರಿ. ಒಂದು ಕಪ್ ಚಹಾ ಕುಡಿದು, ಮುಂದಿನವನು ಯಾರು ಎಂದು ಯೋಚಿಸಲು ಶುರು ಮಾಡಿ.

"ನಾನಿಲ್ಲಿ ಖುಷಿಯಾಗಿದ್ದೇನೆ"

ಈ ಮಾತಿಗೆ ಬೆಲೆ ಕಟ್ಟಬೇಡಿ. ಹೋಗುವವರೂ ಹೇಳುತ್ತಾರೆ, ಇರುವವರೂ ಹೇಳುತ್ತಾರೆ. ಹೊಸ ಒಪ್ಪಂದಕ್ಕೆ ಸಹಿ ಹಾಕಿದರೆ ಸ್ವಲ್ಪ ಸಮಾಧಾನ, ಅಷ್ಟೇ. ಪಾಟರ್ ಒಪ್ಪಂದ 2025ರವರೆಗೆ ಇತ್ತು. ಅದು ಅವನನ್ನು ಹಿಡಿದಿಡಲಿಲ್ಲ, ಹೋಗುವಾಗ ನಮಗೆ ಜಾಸ್ತಿ ರೊಕ್ಕ ತಂದಿತು. 2.1 ಕೋಟಿ ಪೌಂಡ್‌ಗಿಂತ ಹೆಚ್ಚು ಎಂದು ಆಗ ಪತ್ರಿಕೆಗಳು ಬರೆದವು. ನಾನು ಲೆಕ್ಕದವನು, ಸುಮ್ನೆ ಕೂರಲಿಲ್ಲ. ಅಂದಿನ ದರಕ್ಕೆ ಗುಣಿಸಿದೆ, ಸುಮಾರು 190 ಕೋಟಿ ರೂಪಾಯಿ. ಇಷ್ಟು ರೊಕ್ಕಕ್ಕೆ ಎಷ್ಟು ಲಾರಿ ತೊಗರಿ ಬರುತ್ತದೆ ಎಂದು ಕೂಡ ಲೆಕ್ಕ ಹಾಕಿದೆ. ಆಮೇಲೆ ಸಾಹುಕಾರ್ರು ಬಂದರು, ಚೀಟಿ ಮುಚ್ಚಿಟ್ಟೆ.

ನಿಲ್ಲುವವರೂ ಇದ್ದಾರೆ ಅನ್ನಿ. ಇಪ್ಸ್‌ವಿಚ್‌ನ ಕೀರನ್ ಮೆಕೆನ್ನಾ 2024ರಲ್ಲಿ ದೊಡ್ಡ ಕ್ಲಬ್ಬುಗಳ ಹೆಸರು ಕೇಳಿಬರುತ್ತಿದ್ದಾಗಲೇ 2028ರವರೆಗೆ ಸಹಿ ಹಾಕಿದ. ಅದೇ ವರ್ಷ ಲೆವರ್‌ಕುಸೆನ್‌ನ ಚಾಬಿ ಅಲೊನ್ಸೊ "ಇಲ್ಲೇ ಇರುತ್ತೇನೆ" ಎಂದ, ಒಂದೂ ಮ್ಯಾಚ್ ಸೋಲದೆ ಜರ್ಮನ್ ಲೀಗ್ ಗೆಲ್ಲಿಸಿದ. ಆದರೆ 2025ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದ. ಅಂದರೆ ಕೆಲವರ ವಿಷಯದಲ್ಲಿ ನಿಮಗೆ ಸಿಗುವುದು ಒಂದು ವರ್ಷದ ವಾಯಿದೆ. ಸಿಕ್ಕ ವರ್ಷವನ್ನು ಅಳುತ್ತ ಕಳೆಯಬೇಡಿ.

ಜೊತೆಗೆ ಯಾರ್‍ಯಾರು ಹೊರಟರು ಎಣಿಸಿ

ಇಲ್ಲಿ ನಮ್ಮ ಮಿಲ್ಲಿನ ಕಥೆ ಹೇಳಲೇಬೇಕು.

ನಮ್ಮಲ್ಲಿ ಒಬ್ಬ ಮಿಸ್ತ್ರಿ ಇದ್ದ. ತೊಗರಿಗೆ ರೋಲಿನಲ್ಲಿ ಗೀರು ಹಾಕಿಸಿ, ಎಣ್ಣೆ ಹಚ್ಚಿ, ಬಿಸಿಲಿಗೆ ಹರವಿ, ನೀರು ಕೊಟ್ಟು, ಆಮೇಲೆ ಒಡೆಸಬೇಕು. ಎಷ್ಟು ಎಣ್ಣೆ, ಎಷ್ಟು ನೀರು, ಎಷ್ಟು ಬಿಸಿಲು ಎನ್ನುವುದು ಬಂದ ಮಾಲಿನ ಮೇಲೆ ಹೋಗುತ್ತದೆ. ಅದು ಎಲ್ಲೂ ಬರೆದಿರಲಿಲ್ಲ. ಮಿಸ್ತ್ರಿ ತಲೆಯಲ್ಲಿತ್ತು. ರೋಲು ತಿರುಗುವ ಸಪ್ಪಳ ಕೇಳಿಯೇ "ಸಂದು ಜಾಸ್ತಿ ಆಗ್ಯಾದ" ಎನ್ನುತ್ತಿದ್ದ. ಅವನಿದ್ದ ದಿನ ನುಚ್ಚು ಕಡಿಮೆ, ಬೇಳೆ ಇಡಿಯಾಗಿ ಬರುತ್ತಿತ್ತು.

ಒಂದು ಜನವರಿ, ಗಂಜ್‌ಗೆ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಗೆ, ತೊಗರಿ ಗಾಡಿಗಳು ಸಾಲಾಗಿ ಬರುತ್ತಿದ್ದವು. ಅದೇ ಹೊತ್ತಿಗೆ ಬೇರೆ ದೊಡ್ಡ ಮಿಲ್ಲಿನವರು ಅವನನ್ನು ಕರೆದುಕೊಂಡರು. ಸಂಬಳ ಜಾಸ್ತಿ, ಇರಲು ಮನೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮೂರು ಮಕ್ಕಳ ತಂದೆ ಅವನು. ಆದರೆ ಹೋಗುವಾಗ ಒಣಗಿಸುವ ಕಣ ನೋಡಿಕೊಳ್ಳುತ್ತಿದ್ದ ಇಬ್ಬರು ಹುಡುಗರನ್ನೂ ಕರೆದುಕೊಂಡು ಹೋದ. ನಮಗೆ ಏಟು ಬಿದ್ದದ್ದು ಅಲ್ಲಿ. ಮಿಸ್ತ್ರಿ ಒಬ್ಬನೇ ಹೋಗಿದ್ದರೆ ಆ ಹುಡುಗರು ನೋಡಿ ಕಲಿತದ್ದನ್ನಾದರೂ ಮಾಡುತ್ತಿದ್ದರು. ಸಾಹುಕಾರ್ರು ಮೂರು ದಿನ ಗಂಜ್ ತುಂಬ ಓಡಾಡಿ ಸಿಕ್ಕವನನ್ನು ತಂದರು. ಆ ತಿಂಗಳ ನುಚ್ಚಿನ ಲೆಕ್ಕ ಬರೆದವನು ನಾನೇ. ಬರೆಯುವಾಗ ಕೈ ನಡುಗಿತು.

ಹಾಗಾಗಿ ಪಾಟರ್ ಹೋದನೆಂದು ಗೊತ್ತಾದಾಗ ನಾನು ಮೊದಲು ನೋಡಿದ್ದು ಅವನ ಜೊತೆ ಹೊರಟವರ ಹೆಸರು. ಸಹಾಯಕರಾದ ಬಿಲ್ಲಿ ರೀಡ್, ಬ್ಯೋರ್ನ್ ಹಾಂಬರ್ಗ್, ಬ್ರೂನೊ, ಗೋಲ್‌ಕೀಪರ್ ಕೋಚ್ ಬೆನ್ ರಾಬರ್ಟ್ಸ್. ಬ್ರೂನೊ ಅಂತೂ ನಮ್ಮ ಹಳೆಯ ಕ್ಯಾಪ್ಟನ್. ಅಂದರೆ ಕಣವೇ ಖಾಲಿ! ನೀವೂ ಇದನ್ನೇ ಮಾಡಿ. ಹೆಡ್‌ಲೈನ್‌ನಲ್ಲಿ ಒಂದು ಹೆಸರು ಇರುತ್ತದೆ, ಒಳಗಿನ ಕೊನೆಯ ಸಾಲಿನಲ್ಲಿ ನಾಲ್ಕು. ಆ ನಾಲ್ಕನ್ನು ಓದಿ. ಸಹಾಯಕ ಕೋಚ್ ಉಳಿದರೆ ಅರ್ಧ ಮನೆ ಉಳಿಯಿತು ಎನ್ನಿ. ಆಟಗಾರರನ್ನು ಹುಡುಕಿ ತರುವ ವಿಭಾಗ ಹಾಗೇ ಇದ್ದರೆ ಮುಕ್ಕಾಲು.

ಡ್ರಾಯರಿನಲ್ಲಿ ಚೀಟಿ ಇದೆಯೇ?

ನನ್ನ ಪ್ರಕಾರ ಅಭಿಮಾನಿ ಚಿಂತೆ ಮಾಡಬೇಕಾದದ್ದು ಮ್ಯಾನೇಜರ್ ಬಗ್ಗೆ ಅಲ್ಲ, ಮಾಲೀಕನ ಬಗ್ಗೆ. ಒಳ್ಳೆಯವನು ಇವತ್ತಲ್ಲ ನಾಳೆ ಹೋಗುತ್ತಾನೆ. ಮಾಲೀಕನ ಡ್ರಾಯರಿನಲ್ಲಿ ಮುಂದಿನವನ ಹೆಸರು ಬರೆದ ಚೀಟಿ ಇದೆಯೋ ಇಲ್ಲವೋ ಎನ್ನುವುದೇ ಪ್ರಶ್ನೆ. ನಮ್ಮ ಸಾಹುಕಾರ್ರ ಡ್ರಾಯರಿನಲ್ಲಿ ಅವತ್ತು ಎಲೆ ಅಡಿಕೆ ಬಿಟ್ಟರೆ ಏನೂ ಇರಲಿಲ್ಲ.

ಬ್ರೈಟನ್ ಮಾಲೀಕ ಟೋನಿ ಬ್ಲೂಮ್ ಜೂಜಿನ ಲೋಕದಿಂದ ಬಂದವರು. ಅಂಕಿಅಂಶ ಹಿಡಿದು ಫುಟ್‌ಬಾಲ್ ಅಳೆಯುವ ಸ್ಟಾರ್‌ಲಿಜರ್ಡ್ ಎಂಬ ಕಂಪನಿ ಕಟ್ಟಿದವರು. ಅಂಥವರು ನಾಳೆಯ ಲೆಕ್ಕವನ್ನು ಇವತ್ತೇ ಹಾಕಿರುತ್ತಾರೆ. ಪಾಟರ್ ಹೋಗಿ ಹತ್ತೇ ದಿನಕ್ಕೆ, ಸೆಪ್ಟೆಂಬರ್ 18ಕ್ಕೆ, ರಾಬರ್ಟೊ ಡಿ ಜೆರ್ಬಿ ಬಂದ. ಆಡುವ ರೀತಿ ಹತ್ತಿರದ್ದೇ, ಚೆಂಡು ಕಾಲಲ್ಲಿಟ್ಟುಕೊಂಡು ಹಿಂದಿನಿಂದ ಕಟ್ಟುವುದು. ಮೊದಲ ಮ್ಯಾಚ್ ಲಿವರ್‌ಪೂಲ್‌ನಲ್ಲಿ, 3-3, ಮೂರೂ ಗೋಲು ನಮ್ಮ ಟ್ರೊಸಾರ್ಡ್‌ನದು. ಆ ಸೀಸನ್ ಆರನೇ ಸ್ಥಾನ. ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಸಲ ಯುರೋಪಿನ ಟೂರ್ನಿಗೆ ಹೋದೆವು. ಚೆಲ್ಸಿ? 12ನೇ ಸ್ಥಾನ. ಪಾಟರ್ ಏಪ್ರಿಲ್ 2ಕ್ಕೇ ಮನೆಗೆ.

ಬ್ರೆಂಟ್‌ಫರ್ಡ್ ಇನ್ನೊಂದು ದಾರಿ ಹಿಡಿದಿದೆ. ಅವರ ಚೀಟಿಯಲ್ಲಿ ಮನೆಯವರದೇ ಹೆಸರು. 2018ರ ಅಕ್ಟೋಬರ್‌ನಲ್ಲಿ ಡೀನ್ ಸ್ಮಿತ್‌ನನ್ನು ಆಸ್ಟನ್ ವಿಲ್ಲಾ ಎತ್ತಿಕೊಂಡಿತು. ಸಹಾಯಕನಾಗಿದ್ದ ಥಾಮಸ್ ಫ್ರಾಂಕ್ ಮೇಲೆ ಬಂದ. ಮೊದಲ ಹತ್ತು ಮ್ಯಾಚಿನಲ್ಲಿ ಎಂಟು ಸೋತ. ಆಗ ತೆಗೆದು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ತೆಗೆಯಲಿಲ್ಲ. 2021ರಲ್ಲಿ ಅವನೇ ತಂಡವನ್ನು ಪ್ರೀಮಿಯರ್ ಲೀಗಿಗೆ ತಂದ. 2025ರ ಜೂನ್‌ನಲ್ಲಿ ಅವನನ್ನೂ ಟಾಟನ್‌ಹ್ಯಾಮ್ ಒಯ್ದಾಗ, ಕಾರ್ನರ್, ಫ್ರೀ ಕಿಕ್ ಕಲಿಸುತ್ತಿದ್ದ ಕೀತ್ ಆಂಡ್ರೂಸ್‌ಗೆ ಕುರ್ಚಿ ಕೊಟ್ಟರು. ಆ ಮನುಷ್ಯ ಅದಕ್ಕೂ ಮುಂಚೆ ಎಲ್ಲೂ ಮುಖ್ಯ ಕೋಚ್ ಆಗಿರಲಿಲ್ಲ. ಬೇರೆ ಊರಿನವರು ನಕ್ಕರು. ನಾನು ನಗಲಿಲ್ಲ, ನಮ್ಮ ಕಣದ ಹುಡುಗರು ನೆನಪಾದರು.

ಚೀಟಿ ಇದ್ದರೂ ಹೆಸರು ತಪ್ಪಾಗಬಹುದು, ಅದೂ ಗೊತ್ತಿರಲಿ. ಅಲೊನ್ಸೊ ಹೋದ ಮೇಲೆ ಲೆವರ್‌ಕುಸೆನ್ ಎರಿಕ್ ಟೆನ್ ಹಾಗ್‌ನನ್ನು ತಂದಿತು. ಲೀಗಿನ ಎರಡೇ ಮ್ಯಾಚ್ ಆದ ಮೇಲೆ ಕಳಿಸಿತು. ನಮ್ಮ ಕಡೆ ಹೊಸ ಎತ್ತಿಗೂ ಇಷ್ಟರಲ್ಲಿ ಕೈ ಬಿಡುವುದಿಲ್ಲ.

ಹಾಗಾದರೆ ಅಭಿಮಾನಿಯಾಗಿ ನೀವು ಡ್ರಾಯರ್ ಹೇಗೆ ನೋಡುತ್ತೀರಿ? ಹಿಂದಿನ ಮೂರು ಮ್ಯಾನೇಜರ್‌ಗಳ ಹೆಸರು ಒಂದು ಕಾಗದದ ಮೇಲೆ ಬರೆಯಿರಿ. ಒಬ್ಬರಿಂದ ಒಬ್ಬರಿಗೆ ಆಟದ ರೀತಿ ಸ್ವಲ್ಪವಾದರೂ ಮುಂದುವರಿದಿದೆಯೇ? ಒಬ್ಬ ಹೋಗಿ ಇನ್ನೊಬ್ಬ ಬರಲು ಎಷ್ಟು ದಿನ ಹಿಡಿಯಿತು? ಹೊಸಬ ಬಂದ ಕೂಡಲೇ ಹಳೆಯ ಆಟಗಾರರನ್ನೆಲ್ಲ ಮಾರಬೇಕಾಯಿತೇ? ಒಬ್ಬ ಚೆಂಡು ಕಾಲಲ್ಲಿಟ್ಟು ಆಡಿಸುವವ, ಮುಂದಿನವ ಎತ್ತಿ ಬೀಸಿ ಹೊಡೆಸುವವ, ಅದರ ಮುಂದಿನವ ಮಾಲೀಕನ ಗೆಳೆಯ ಅಂತಿದ್ದರೆ ಡ್ರಾಯರ್ ಖಾಲಿ. ಆಗ ಚಿಂತೆ ಮಾಡಿ. ನಾನೇ ಹೇಳುತ್ತಿದ್ದೇನೆ, ಧಾರಾಳವಾಗಿ ಮಾಡಿ.

ಹೋಗದೆ ಇದ್ದರೆ ಇನ್ನೂ ಕಷ್ಟ

ಇದನ್ನು ಯಾರೂ ಹೇಳುವುದಿಲ್ಲ. ಕೆಲವು ಸಲ ಕರೆ ಬಂದು, ಕ್ಲಬ್ ಬಿಡದೆ, ಮ್ಯಾನೇಜರ್ ಅಲ್ಲೇ ಉಳಿಯುತ್ತಾನೆ. ಅಭಿಮಾನಿಗಳು ಪಟಾಕಿ ಹೊಡೆಯುತ್ತಾರೆ. ಹೊಡೆಯಬೇಡಿ, ಸ್ವಲ್ಪ ತಡೆಯಿರಿ.

2016ರಲ್ಲಿ ಎವರ್ಟನ್ ಸೌತಾಂಪ್ಟನ್‌ನಿಂದ ರೊನಾಲ್ಡ್ ಕೂಮನ್‌ನನ್ನು ಒಯ್ದಿತು. 2017ರ ಅಕ್ಟೋಬರ್‌ನಲ್ಲಿ ಅವನನ್ನು ತೆಗೆಯಿತು. ಆಮೇಲೆ ವಾಟ್ಫರ್ಡ್‌ನ ಮಾರ್ಕೊ ಸಿಲ್ವಾ ಮೇಲೆ ಕಣ್ಣು ಹಾಕಿತು. ವಾಟ್ಫರ್ಡ್ ಆಗ ಚೆನ್ನಾಗಿ ಆಡುತ್ತಿತ್ತು. ಅರ್ಸೆನಲ್ ಅನ್ನು ಸೋಲಿಸಿ ನಾಲ್ಕನೇ ಸ್ಥಾನಕ್ಕೂ ಏರಿತ್ತು. ಕ್ಲಬ್ಬು ಗಟ್ಟಿಯಾಗಿ ಇಲ್ಲ ಎಂದಿತು. ಸಿಲ್ವಾ ಉಳಿದ. ಆದರೆ ತಂಡ ದಿನೇ ದಿನೇ ಇಳಿಯುತ್ತ ಹೋಯಿತು. 2018ರ ಜನವರಿಯಲ್ಲಿ ಅವನನ್ನು ತೆಗೆದರು, ಇದಕ್ಕೆಲ್ಲ ಮೂಲ ಆ ಕರೆಯೇ ಎಂದು ವಾಟ್ಫರ್ಡ್ ಬಹಿರಂಗವಾಗಿಯೇ ಹೇಳಿತು. ಮೇ ತಿಂಗಳಲ್ಲಿ ಸಿಲ್ವಾ ಎವರ್ಟನ್ ಸೇರಿದ. 2019ರಲ್ಲಿ ಎವರ್ಟನ್ 40 ಲಕ್ಷ ಪೌಂಡ್ ಕೊಟ್ಟು ಜಗಳ ಮುಗಿಸಿಕೊಂಡಿತು. ಮ್ಯಾನೇಜರ್ ಹೋಗಿದ್ದರೆ ಒಂದೇ ಏಟು. ಉಳಿದದ್ದಕ್ಕೆ ಮೂರು ತಿಂಗಳು ನೋವು.

ಬಿಟ್ಟುಬಿಡುವ ಮಾಲೀಕನನ್ನು ಬೈಯುವ ಮುಂಚೆ ಇದನ್ನು ಒಮ್ಮೆ ನೆನೆಯಿರಿ. ಮನಸ್ಸು ಆಗಲೇ ಗಾಡಿ ಹತ್ತಿದವನನ್ನು ಮನೆಯಲ್ಲಿ ಕೂಡಿಹಾಕಿ ಏನು ಮಾಡುವುದು?

ಭಯಪಟ್ಟ ಹಾಗೆ ಆಗದೆಯೂ ಇರಬಹುದು. 2024ರ ವಸಂತದಲ್ಲಿ ಡಿ ಜೆರ್ಬಿಯನ್ನು ಯಾವ ದೊಡ್ಡ ಕ್ಲಬ್ ಒಯ್ಯುತ್ತದೋ ಎಂದು ನಾನು ಎರಡು ತಿಂಗಳು ಒದ್ದಾಡಿದೆ. ಯಾರೂ ಕದಿಯಲಿಲ್ಲ. ಅವನು ಮತ್ತು ಕ್ಲಬ್ ಮಾತಾಡಿಕೊಂಡು ತಾವೇ ಬೇರೆಯಾದರು. ನನ್ನ ಎರಡು ತಿಂಗಳ ನಿದ್ದೆ ಯಾರು ಕೊಡುತ್ತಾರೆ?

ರಾತ್ರಿ, ಫೋನು, ಬೈಗುಳ

ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಹನ್ನೊಂದರ ಮೇಲೆ ಸುದ್ದಿ ನೋಡಬೇಡಿ. ಅಲ್ಲಿ ಸಂಜೆ ಆಗಿರುತ್ತದೆ, ಎಲ್ಲರೂ ಬರೆಯುವ ಹೊತ್ತು. ಬೆಳಿಗ್ಗೆ ಆರಕ್ಕೆ ನೋಡಿದರೂ ಸುದ್ದಿ ಅದೇ ಇರುತ್ತದೆ. ಒಬ್ಬರೋ ಇಬ್ಬರೋ ನಂಬುವ ಪತ್ರಕರ್ತರನ್ನು ಇಟ್ಟುಕೊಳ್ಳಿ, ಉಳಿದವರನ್ನು ಮುಚ್ಚಿ. ಮನೆಯವರಿಗೆ ಪೂರ್ತಿ ವಿವರ ಹೇಳಲು ಹೋಗಬೇಡಿ. ನಾನು ಹೇಳಿದ್ದೆ. "ಅವ್ರು ನಿಮಗ ಪಗಾರ ಕೊಡ್ತಾರೇನ್ರಿ?" ಎಂದು ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ.

ಬಿಟ್ಟುಹೋದ ಮ್ಯಾನೇಜರ್‌ನನ್ನು ಬೈಯುವುದಾದರೆ ಒಂದು ದಿನ ಬೈಯಿರಿ. ಅವನ ಹೆಂಡತಿ ಮಕ್ಕಳ ಸುದ್ದಿಗೆ ಹೋಗಬೇಡಿ. 2019ರಲ್ಲಿ ಸೀಸನ್ ನಡುವೆ ಬ್ರೆಂಡನ್ ರಾಜರ್ಸ್ ಸ್ಕಾಟ್ಲೆಂಡಿನ ಸೆಲ್ಟಿಕ್ ಬಿಟ್ಟು ಲೆಸ್ಟರ್‌ಗೆ ಹೋದಾಗ ಅಭಿಮಾನಿಗಳು "ಅಮರತ್ವ ಮಾರಿ ಸಾಧಾರಣ ಬದುಕು ಕೊಂಡ" ಎಂದು ದೊಡ್ಡ ಬ್ಯಾನರ್ ಹಿಡಿದರು. ಚೆಂದದ ಮಾತೇ. ಆದರೆ 2023ರಲ್ಲಿ ಅದೇ ರಾಜರ್ಸ್ ಅದೇ ಕ್ಲಬ್ಬಿಗೆ ವಾಪಸ್ ಬಂದ! ಬ್ಯಾನರ್ ಬಟ್ಟೆ ಏನಾಯಿತೋ.

ಹಾಗೆ ಹೋದವನು ಎದುರಾಳಿಯಾಗಿ ಬರುವ ದಿನದ ಮಾತೇ ಬೇರೆ. ಆ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮದು 2022ರ ಅಕ್ಟೋಬರ್ 29, ಶನಿವಾರ, ಇಲ್ಲಿಯ ಸಂಜೆ ಏಳೂವರೆ. ಮಿಲ್ಲಿನಿಂದ ಬೇಗ ಬಂದೆ. ಮಿರ್ಚಿ ಭಜಿ, ಸುಸಲಾ ಕಟ್ಟಿಸಿಕೊಂಡು ಬಂದಿದ್ದೆ. ಐದನೇ ನಿಮಿಷಕ್ಕೆ ಟ್ರೊಸಾರ್ಡ್ ಗೋಲು. ಆಮೇಲೆ ಚೆಲ್ಸಿಯವರೇ ತಮ್ಮ ಗೋಲಿಗೆ ಎರಡು ಹೊಡೆದುಕೊಂಡರು. ಅರ್ಧಕ್ಕೇ 3-0. ಕೊನೆಗೆ 4-1. ನಾಲ್ಕನೆಯದು ಅದೇ ಗ್ರಾಸ್, ಮಾಳಿಗೆಯ ರಾತ್ರಿಯ ಗ್ರಾಸ್. ಪಕ್ಕದ ಮನೆಯ ಅಜ್ಜಿ "ಏನಾತಪ್ಪಾ?" ಎಂದು ಬಾಗಿಲಿಗೆ ಬಂದರು. ಪರರ ಸೋಲಿಗೆ ಹಿಗ್ಗಬಾರದು ಎನ್ನುತ್ತಾರೆ. ಆ ಸಂಜೆ ನಾನು ಹಿಗ್ಗಿದೆ, ಅಜ್ಜಿಗೂ ಎರಡು ಭಜಿ ಕೊಟ್ಟೆ.

ನೀವೇ ದೊಡ್ಡ ಕ್ಲಬ್ ಆದಾಗ

ನಿಮ್ಮ ಮನೆಯಲ್ಲೂ ದೊಡ್ಡ ಕ್ಲಬ್ಬಿನವರು ಇರುತ್ತಾರೆ, ಅವರ ಜೊತೆ ಬಾಜಿ ಕಟ್ಟುವುದು ಒಳ್ಳೆಯ ಮದ್ದು. 2024ರ ಅಕ್ಟೋಬರ್ ಕೊನೆಗೆ ಅಣ್ಣನ ಮಗನ ಫೋನ್ ಬಂತು. ಅವನ ಯುನೈಟೆಡ್‌ಗೆ ಆಗ ಅದೇ ಟೆನ್ ಹಾಗ್ ಮ್ಯಾನೇಜರ್.

"ಕಾಕಾ, ಟೆನ್ ಹಾಗ್‌ಗ ತೆಗದ್ರು. ಲಿಸ್ಬನ್‌ನಿಂದ ಅಮೊರಿಮ್‌ಗ ತರ್ಲಾಕತ್ತಾರ!"

ಅಮೊರಿಮ್ ಆಡಿಸುತ್ತಿದ್ದ ಲಿಸ್ಬನ್ನಿನ ಸ್ಪೋರ್ಟಿಂಗ್ ಕ್ಲಬ್ ಆ ಸೀಸನ್ ಲೀಗಿನಲ್ಲಿ ಒಂದೂ ಮ್ಯಾಚ್ ಸೋತಿರಲಿಲ್ಲ, ಡ್ರಾ ಕೂಡ ಇಲ್ಲ. ಅಮೊರಿಮ್ ಬಿಡುವ ಹೊತ್ತಿಗೆ 11ಕ್ಕೆ 11 ಗೆಲುವು. ಒಪ್ಪಂದದಲ್ಲಿ ಒಂದು ಕೋಟಿ ಯೂರೋ ಕೊಟ್ಟರೆ ಬಿಡಬೇಕು ಎಂಬ ಸಾಲಿತ್ತು. ಇಂಥ ಸಾಲು ನಿಮ್ಮವನ ಒಪ್ಪಂದದಲ್ಲಿ ಇದೆಯಾ ಎಂದು ಮೊದಲೇ ತಿಳಿದುಕೊಳ್ಳಿ. ಇದ್ದರೆ ಮಾಲೀಕ ಬೇಡ ಎಂದರೂ ನಡೆಯುವುದಿಲ್ಲ.

"ಆ ಊರಿನವ್ರ ಗತಿ ಏನೋ ತಮ್ಮಾ?" ಎಂದೆ.

"ಅದು ಅವ್ರ ಚಿಂತಿ ಕಾಕಾ."

ಆ ಮಾತು ಚುಚ್ಚಿತು. ಒಂದು ಕಿಲೋ ಮಾಲ್ಪುರಿ ಬಾಜಿ ಕಟ್ಟಿದೆ, ಸೀಸನ್ ಮುಗಿದಾಗ ಸ್ಪೋರ್ಟಿಂಗ್ ತನ್ನ ಲೀಗಿನ ಪಟ್ಟಿಯಲ್ಲಿ, ಯುನೈಟೆಡ್ ತನ್ನ ಪಟ್ಟಿಯಲ್ಲಿ ಇರುವುದಕ್ಕಿಂತ ಮೇಲಿರುತ್ತದೆ ಎಂದು. ನಡುವೆ ನಾನೇ ಹೆದರಿದೆ. ಸ್ಪೋರ್ಟಿಂಗ್‌ನವರು ಕೂರಿಸಿದ ಮೊದಲನೆಯವನು ಡಿಸೆಂಬರ್ ದಾಟಲಿಲ್ಲ. ಎರಡನೆಯವನು ರುಯಿ ಬೊರ್ಜೆಸ್ ಬಂದ, ದಡ ಹತ್ತಿಸಿದ. 2025ರ ಮೇ ತಿಂಗಳಲ್ಲಿ ಸ್ಪೋರ್ಟಿಂಗ್ ಮತ್ತೆ ಚಾಂಪಿಯನ್. ಯುನೈಟೆಡ್ 15ನೇ ಸ್ಥಾನ.

ಮುಂದೆ ಊರಿಗೆ ಬಂದಾಗ ಸೂಪರ್ ಮಾರ್ಕೆಟ್ ಕಡೆಯಿಂದ ಡಬ್ಬಿ ಹಿಡಿದೇ ಬಂದ. ಸೋತದ್ದಕ್ಕೆ ಬೇಸರವೇನೂ ಇರಲಿಲ್ಲ, ತಾನೇ ಮೊದಲು ಒಂದು ಮಾಲ್ಪುರಿ ಬಾಯಿಗೆ ಹಾಕಿಕೊಂಡ. ನಮ್ಮಲ್ಲಿ ಆಗ ಫಾಬಿಯನ್ ಹುರ್ಜೆಲರ್ ಮ್ಯಾನೇಜರ್. 2024ರಲ್ಲಿ ಬಂದಾಗ ಅವನಿಗೆ 31 ವರ್ಷ, ಪ್ರೀಮಿಯರ್ ಲೀಗ್ ಕಂಡ ಕಾಯಂ ಮುಖ್ಯ ಕೋಚ್‌ಗಳಲ್ಲೇ ಎಲ್ಲರಿಗಿಂತ ಚಿಕ್ಕವ.

"ಕಾಕಾ," ಎಂದ ಬೆರಳು ನೆಕ್ಕುತ್ತ, "ನಿಮ್ಮ ಹುರ್ಜೆಲರ್‌ದು ಕಾಂಟ್ರ್ಯಾಕ್ಟ್ ಎಲ್ಲಿ ತನಕ ಅದ?"

ಡಬ್ಬಿ ಕಸಿದುಕೊಂಡು ಒಳಗೆ ಇಟ್ಟೆ.